ಆಟಿ ತಿಂಗಳ ಟೀಚರು

ಜೂನ್ ಕೊನೆಯ ವಾರದಲ್ಲೋ ಜುಲೈ ಮೊದಲ ವಾರದಲ್ಲೋ ಬಜ್ಪೆಯ ವಿಮಾನ ನಿಲ್ದಾಣದ ಹೊರಬಾಗಿಲಲ್ಲಿ ನಿಂತವರಿಗೆ ಒಂದು ವಿಶೇಷ ಕಾಣಸಿಗುತ್ತದೆ. ದುಬೈ, ಅಬುಧಾಬಿ ಕಡೆಯಿಂದ ಬಂದಿಳಿಯುವವರಲ್ಲಿ ಆ ದಿನಗಳಲ್ಲಿ ಹೆಂಗಸರು ಮತ್ತು ಮಕ್ಕಳೇ ಹೆಚ್ಚು. ಹೊರಗೆ ಮಳೆ ಧೋ ಎಂದು ಸುರಿಯುತ್ತಿರುತ್ತದೆ. ಕರೆದೊಯ್ಯಲು ಬಂದವರ ಕೈಯಲ್ಲಿ ಒಂದಕ್ಕೆ ಎರಡು ಕೊಡೆ. ಹೀಗೆ ಬಂದವರಲ್ಲಿ ಅನೇಕರು ಅಲ್ಲಿನ ಭಾರತೀಯ ಶಾಲೆಗಳಲ್ಲಿ ಪಾಠ ಹೇಳುವ ಟೀಚರುಗಳು. ಉಡುಪಿ, ಕುಂದಾಪುರ, ಪುತ್ತೂರು, ಬಂಟ್ವಾಳಗಳ ಕಡೆ ಇಂಥವರು ಊರಿಗೊಬ್ಬರಾದರೂ ಸಿಗುತ್ತಾರೆ. ಗಣಿತವೋ ವಿಜ್ಞಾನವೋ ಕಲಿತು, ಬಿ.ಎಡ್. ಮುಗಿಸಿ, ಇಲ್ಲಿನ ಖಾಸಗಿ ಶಾಲೆಯ ಸಂಬಳ ಸಾಲದೆ ಕಡಲು ದಾಟಿದವರು.

ಊರಿಗೆ ಬಂದ ಇವರಿಗೆ ಊರು ಮಾತ್ರ ಪೂರ್ತಿಯಾಗಿ ಸಿಗುವುದಿಲ್ಲ. ಮೇ ಕೊನೆಯ ಪತ್ತನಾಜೆಗೇ ಕೋಲ, ನೇಮಗಳು ನಿಂತಿರುತ್ತವೆ. ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ. ಜುಲೈ ನಡುವಿನಿಂದ ಆಟಿ. ಆಟಿಯಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ, ಮನೆ ಒಕ್ಕಲೂ ಇಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಹಾಲೆ ಮರದ ಕೆತ್ತೆಯ ಕಹಿ ಕಷಾಯ ಕುಡಿಯುವುದು, ಕೆಸುವಿನೆಲೆಯ ಪತ್ರೊಡೆ ತಿನ್ನುವುದು, ಜಗಲಿಯಲ್ಲಿ ಕುಳಿತು ಮಳೆ ನೋಡುವುದು. ಹತ್ತು ವರ್ಷ ಕೊಲ್ಲಿಯಲ್ಲಿ ದುಡಿದ ಟೀಚರೊಬ್ಬರು ಆ ಹತ್ತು ವರ್ಷಗಳಲ್ಲಿ ಒಂದೇ ಒಂದು ರಥೋತ್ಸವ ನೋಡಿಲ್ಲ, ಮರದಿಂದ ಕಿತ್ತ ಮಾವಿನ ಹಣ್ಣು ತಿಂದಿಲ್ಲ ಎಂದರೆ ಅದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಊರಲ್ಲಿ ಅಜ್ಜಿಯ ಬಳಿ ಬಿಟ್ಟುಹೋದ ಮಗನಿಗೆ ಆ ಹೊತ್ತಿಗೆ ಶಾಲೆ ಶುರುವಾಗಿ ತಿಂಗಳು ದಾಟಿರುತ್ತದೆ. ಜೋರು ಮಳೆಯೆಂದು ಜಿಲ್ಲಾಧಿಕಾರಿಗಳು ರಜೆ ಸಾರಿದ ದಿನ ಮಾತ್ರ ತಾಯಿಯ ರಜೆಗೂ ಮಗನ ರಜೆಗೂ ತಾಳೆಯಾಗುತ್ತದೆ.

ಹೊರದೇಶದ ಕೆಲಸ ಎಂದ ಕೂಡಲೇ ನೆಂಟರಿಷ್ಟರು ಕೇಳುವ ಮೊದಲ ಪ್ರಶ್ನೆ 'ಸಂಬಳ ಎಷ್ಟು?' ಎಂಬುದು. ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಶಿಕ್ಷಕರ ಮಟ್ಟಿಗೆ ಸಂಬಳದ ಅಂಕಿಗಿಂತ ಹೆಚ್ಚು ತೂಕದ ಸಂಗತಿಗಳು ಕರಾರುಪತ್ರದ ಒಳಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಇರುತ್ತವೆ. ಒಂದು, ರಜೆ ಯಾವಾಗ, ಎಷ್ಟು, ಸಂಬಳ ಸಹಿತವೋ ರಹಿತವೋ. ಇನ್ನೊಂದು, ಮನೆ ಯಾರು ಕೊಡುತ್ತಾರೆ, ಹೇಗೆ ಕೊಡುತ್ತಾರೆ. ಹೋದ ಹತ್ತು ವರ್ಷ ದುಡಿಮೆಯಾಯಿತೋ ಬರೀ ಜೀವನವಾಯಿತೋ ಎಂಬುದು ತೀರ್ಮಾನವಾಗುವುದು ಈ ಎರಡು ಸಾಲುಗಳಲ್ಲಿ.

ರಜೆಯ ವಿಚಾರ ಮೊದಲು. ಯುಎಇಯಲ್ಲಿ ಜುಲೈ, ಆಗಸ್ಟ್‌ಗಳೆಂದರೆ ಉಷ್ಣಾಂಶ 45 ಡಿಗ್ರಿ ದಾಟುವ ಕಾಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ನಡುಮಧ್ಯಾಹ್ನ ಬಯಲಲ್ಲಿ ಕೂಲಿಯವರಿಂದ ಕೆಲಸ ಮಾಡಿಸುವುದನ್ನೇ ಅಲ್ಲಿನ ಸರ್ಕಾರ ನಿಷೇಧಿಸಿದೆ. ಶಾಲೆಗಳು ಮುಚ್ಚುವುದೂ ಆಗಲೇ. ಬಹಳಷ್ಟು ಭಾರತೀಯ ಶಾಲೆಗಳು ಇಲ್ಲಿನ ಪಠ್ಯಕ್ರಮವನ್ನು ಅನುಸರಿಸುವುದರಿಂದ ಅವುಗಳ ವರ್ಷಾರಂಭ ಏಪ್ರಿಲ್‌ನಲ್ಲಿ. ಊರಲ್ಲಿ ಮಕ್ಕಳು ಬೇಸಗೆ ರಜೆಯಲ್ಲಿ ಗೇರುಹಣ್ಣು ಕೀಳುತ್ತಿರುವಾಗ ಅಲ್ಲಿ ಹೊಸ ತರಗತಿ, ಹೊಸ ಪುಸ್ತಕ. ಆ ತಿಂಗಳಲ್ಲಿ ರಜೆ ಕೇಳುವುದೆಂದರೆ ಸುಗ್ಗಿಯ ದಿನ ಆಳು ರಜೆ ಕೇಳಿದ ಹಾಗೆ.

ಇಲ್ಲಿ ಅನೇಕರು ಎಡವುವ ಒಂದು ಜಾಗವಿದೆ. ಶಾಲೆಯ ಬೇಸಗೆ ರಜೆ ಬೇರೆ, ನೌಕರನ ವಾರ್ಷಿಕ ರಜೆ ಬೇರೆ. ಯುಎಇಯ ಹೊಸ ಕಾರ್ಮಿಕ ಕಾನೂನು 2021ರದು; ಜಾರಿಗೆ ಬಂದದ್ದು 2022ರ ಫೆಬ್ರುವರಿ 2ರಂದು. ಅದರ ಪ್ರಕಾರ ವರ್ಷ ಪೂರೈಸಿದ ನೌಕರನಿಗೆ ಸಂಬಳ ಸಹಿತ 30 ದಿನಗಳ ರಜೆ. ಆರು ತಿಂಗಳು ದಾಟಿ ವರ್ಷ ತುಂಬದವನಿಗೆ ತಿಂಗಳಿಗೆ ಎರಡು ದಿನ. ಕುವೈತ್‌ನಲ್ಲಿಯೂ 30 ದಿನ. ಸೌದಿಯಲ್ಲಿ 21 ದಿನ. ಒಂದೇ ಕಡೆ ಐದು ವರ್ಷ ಕಳೆದ ಮೇಲೆ 30. ಶಾಲೆ ಮುಚ್ಚಿರುವುದು ಮಾತ್ರ ಎರಡು ತಿಂಗಳು. ಹಾಗಾದರೆ ಉಳಿದ ದಿನಗಳು ಯಾರ ಖರ್ಚಿನಲ್ಲಿ? ಈ ಪ್ರಶ್ನೆಗೆ ಉತ್ತರ ಇರುವುದು ಕರಾರಿನಲ್ಲಿ. ಒಳ್ಳೆಯ ಶಾಲೆಗಳು ಎರಡೂ ತಿಂಗಳ ಸಂಬಳವನ್ನು ಚುಕ್ತಾ ಮಾಡಿಯೇ ಕಳಿಸುತ್ತವೆ. ಕೆಲವು ಶಾಲೆಗಳು ಸಂಬಳವನ್ನು ತಡೆದಿಟ್ಟು, ಮರಳಿ ಬಂದು ಹಾಜರಿ ಹಾಕಿದ ಮೇಲೆ ಕೊಡುತ್ತವೆ. ರಜೆಗೆ ಹೋದವರು ಊರಲ್ಲೇ ಉಳಿದುಬಿಟ್ಟಾರೆಂಬ ಭಯ ಅವುಗಳಿಗೆ. ಏಪ್ರಿಲ್‌ನಲ್ಲಿ ಸೇರಿದ ಹೊಸಬರಿಗಂತೂ ಜುಲೈ ಹೊತ್ತಿಗೆ ಲೆಕ್ಕದ ರಜೆಯೇ ಕೂಡಿರುವುದಿಲ್ಲ. ಮೊದಲ ವರ್ಷದ ಬೇಸಗೆಯನ್ನು ಕೈಯಿಂದ ಖರ್ಚು ಮಾಡಿ ಕಳೆದವರು ಎಷ್ಟೋ ಮಂದಿ.

ರಜೆಯ ದಿನಗಳನ್ನು ಗೊತ್ತುಮಾಡುವ ಹಕ್ಕು ಧಣಿಯದು. ಒಂದು ತಿಂಗಳು ಮೊದಲು ತಿಳಿಸಿದರೆ ಆಯಿತು. ಬೇರೆ ಕಂಪನಿಯ ನೌಕರನಾದರೆ ಸಾಹೇಬನ ಬಳಿ ಹೋಗಿ, ತಂಗಿಯ ಮದುವೆ ಎಂದು ಕೈಹೊಸೆದು, ಏಪ್ರಿಲ್‌ನಲ್ಲಿ ಹದಿನೈದು ದಿನ ಗಿಟ್ಟಿಸಿಕೊಂಡು ಬರಬಹುದು. ಟೀಚರಿಗೆ ಆ ದಾರಿಯಿಲ್ಲ. ಆಕೆಯ ರಜೆಯನ್ನು ಶಾಲೆಯ ಕ್ಯಾಲೆಂಡರ್ ಮೊದಲೇ ನುಂಗಿರುತ್ತದೆ.

ಮದುವೆಯನ್ನಾದರೂ ಮುಂದೆ ಹಾಕಬಹುದು, ಸಾವನ್ನು ಹಾಕುವಂತಿಲ್ಲ. ತಂದೆಯೋ ತಾಯಿಯೋ ತೀರಿಕೊಂಡರೆ ಆ ಕಾನೂನು ಕೊಡುವ ಸಂಬಳ ಸಹಿತ ರಜೆ ಮೂರು ದಿನ. ಗಂಡನೋ ಹೆಂಡತಿಯೋ ಹೋದರೆ ಐದು ದಿನ. ನಡುರಾತ್ರಿ ಫೋನು ಬಂದು, ಬೆಳಗಿನ ವಿಮಾನಕ್ಕೆ ಟಿಕೆಟು ಸಿಕ್ಕಿ, ಬಜ್ಪೆಯಿಂದ ಟ್ಯಾಕ್ಸಿ ಹಿಡಿದು ಊರು ಮುಟ್ಟುವಾಗ ಒಂದು ದಿನ ಕಳೆದಿರುತ್ತದೆ. ಬೂದಿ ಆರುವ ಮೊದಲೇ ಹೊರಡಬೇಕು. ಹದಿಮೂರನೆಯ ದಿನದ ಬೊಜ್ಜಕ್ಕೆ ಮಗಳು ಇಲ್ಲ ಎಂದು ಊರವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳುವವರಿಗೆ ಮೂರು ದಿನದ ಲೆಕ್ಕ ಗೊತ್ತಿರುವುದಿಲ್ಲ. ಉದಾರಿ ಪ್ರಿನ್ಸಿಪಾಲರಿದ್ದರೆ ಒಂದು ವಾರ ಸಂಬಳವಿಲ್ಲದ ರಜೆ ಸೇರಿಸಿ ಕೊಡುತ್ತಾರೆ. ಅದು ಅವರ ದೊಡ್ಡತನ, ಹಕ್ಕು ಅಲ್ಲ.

ಟಿಕೆಟಿನದು ಇನ್ನೊಂದು ಕತೆ. ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ವಿಮಾನದ ಖರ್ಚನ್ನು ಕೊಡಲೇಬೇಕೆಂದು ಯುಎಇ ಕಾನೂನು ಹೇಳುವುದಿಲ್ಲ. ಅದು ಕರಾರಿನ ಮಾತು. ಕೆಲವು ಶಾಲೆಗಳು ಪ್ರತಿವರ್ಷ, ಕೆಲವು ಎರಡು ವರ್ಷಕ್ಕೊಮ್ಮೆ ಕೊಡುತ್ತವೆ. ಟಿಕೆಟನ್ನೇ ಕೊಟ್ಟರೆ ಲಾಭ, ಗೊತ್ತಾದ ಮೊತ್ತವನ್ನು ಕೈಗೆ ಕೊಟ್ಟರೆ ನಷ್ಟ. ಏಕೆಂದರೆ ಎಲ್ಲ ಶಾಲೆಗಳೂ ಒಟ್ಟಿಗೆ ಮುಚ್ಚುವುದರಿಂದ ಜೂನ್ ಕೊನೆಗೆ ಅಲ್ಲಿಂದ ಇಲ್ಲಿಗೆ ಬರುವ ಟಿಕೆಟಿನ ದರ ಗಗನಕ್ಕೇರುತ್ತದೆ; ಆಗಸ್ಟ್ ಕೊನೆಗೆ ಇಲ್ಲಿಂದ ಅಲ್ಲಿಗೆ ಹೋಗುವುದು ದುಬಾರಿ. ಖಾಲಿ ದಿನಗಳ ದರ ನೋಡಿ ನಿಗದಿ ಮಾಡಿದ ಮೊತ್ತ ಒಂದು ಕಡೆಯ ಪ್ರಯಾಣಕ್ಕೂ ಸಾಲದೆ ಹೋಗುವುದುಂಟು. ಇಬ್ಬರು ಮಕ್ಕಳಿರುವ ಸಂಸಾರವಾದರೆ ಒಂದು ವರ್ಷ ಬರುವುದು, ಒಂದು ವರ್ಷ ಬಿಡುವುದು.

ಇನ್ನು ಮನೆ. ಧಣಿಯಾದವನು ನೌಕರನಿಗೆ ಯೋಗ್ಯವಾದ ವಸತಿ ಕೊಡಬೇಕು, ಇಲ್ಲವೇ ಮನೆ ಭತ್ಯೆಯನ್ನು ನಗದಾಗಿ ಕೊಡಬೇಕು, ಇಲ್ಲವೇ ಸಂಬಳದಲ್ಲೇ ಅದನ್ನು ಸೇರಿಸಿರಬೇಕು ಎನ್ನುತ್ತದೆ ಕಾನೂನು. ಮೂರರಲ್ಲಿ ಯಾವುದಾದರೂ ಸರಿ. ಓದಲು ಮೂರೂ ಒಂದೇ ಎನಿಸುತ್ತದೆ, ಬದುಕಲು ಅಲ್ಲ.

ಶಾಲೆಯೇ ಕೊಡುವ ವಸತಿ ಎಂದರೆ ಒಂಟಿ ಟೀಚರುಗಳಿಗೆ ಸಾಮಾನ್ಯವಾಗಿ ಹಂಚಿಕೊಂಡು ಇರುವ ಫ್ಲ್ಯಾಟು. ಒಂದು ಕೋಣೆಗೆ ಇಬ್ಬರು, ಅಡುಗೆಮನೆ ಎಲ್ಲರಿಗೂ ಒಂದು. ಕೊಟ್ಟಾಯಂನವರ ಮೀನು ಸಾರು, ಮಧುರೆಯವರ ಸಾಂಬಾರು, ಉಡುಪಿಯವರ ತಿಳಿಸಾರು ಒಂದೇ ಒಲೆಯಲ್ಲಿ ಸರದಿಯ ಮೇಲೆ ಕುದಿಯಬೇಕು. ಬಾಡಿಗೆ, ಕರೆಂಟು, ನೀರಿನ ಚಿಂತೆಯಿಲ್ಲ. ಶಾಲೆಯ ಬಸ್ಸು ಬಾಗಿಲಿಗೇ ಬರುತ್ತದೆ. ಉಳಿತಾಯ ಮಾಡಬೇಕೆಂದು ಹೋದವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಇದು ಕೆಲಸಕ್ಕೆ ಅಂಟಿಕೊಂಡ ಮನೆ. ಕೆಲಸ ಬಿಟ್ಟ ಅಥವಾ ಹೋದ ದಿನದಿಂದ 30 ದಿನಗಳೊಳಗೆ ಖಾಲಿ ಮಾಡಬೇಕು. ಗಂಡ ಮಕ್ಕಳು ಬಂದು ನಾಲ್ಕು ದಿನ ಇರುತ್ತೇವೆಂದರೆ ಆ ಕೋಣೆಯಲ್ಲಿ ಜಾಗವಿಲ್ಲ.

ಸಂಸಾರವನ್ನು ಕರೆಸಿಕೊಳ್ಳಬೇಕೆಂದರೆ ಮನೆ ಮತ್ತು ಸಂಬಳ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಮೊದಲು ಹೆಂಗಸರು ಕುಟುಂಬವನ್ನು ಕರೆಸಿಕೊಳ್ಳಲು ಟೀಚರ್, ನರ್ಸ್, ಡಾಕ್ಟರ್, ಎಂಜಿನಿಯರ್ ಮುಂತಾದ ಕೆಲವೇ ವೃತ್ತಿಗಳವರಾಗಿರಬೇಕಿತ್ತು. 2019ರಲ್ಲಿ ಯುಎಇ ಸರ್ಕಾರ ವೃತ್ತಿಯ ಕಟ್ಟನ್ನು ತೆಗೆದು ವರಮಾನವನ್ನು ಅಳತೆಗೋಲು ಮಾಡಿತು: ತಿಂಗಳಿಗೆ 4,000 ದಿರ್ಹಮ್, ಇಲ್ಲವೇ 3,000 ದಿರ್ಹಮ್ ಮತ್ತು ಮನೆ. ಅಂದರೆ ಸರ್ಕಾರದ ಕಣ್ಣಿನಲ್ಲಿ ಆ ಮನೆಯ ಬೆಲೆ ಸಾವಿರ ದಿರ್ಹಮ್. ದುಬೈಯಲ್ಲಿ ಆ ಬೆಲೆಗೆ ಸಂಸಾರ ಇರುವಂಥ ಮನೆ ಯಾರೂ ಕೊಡುವುದಿಲ್ಲ ಎನ್ನುವುದು ಬೇರೆ ಮಾತು. ದುಬೈಯಲ್ಲಿ ಕೆಲಸ ಮಾಡುವ ಎಷ್ಟೋ ಟೀಚರುಗಳು ಪಕ್ಕದ ಶಾರ್ಜಾದಲ್ಲೋ ಅಜ್ಮಾನ್‌ನಲ್ಲೋ ಮನೆ ಹಿಡಿದು, ಬೆಳಗಿನ ಕತ್ತಲೆಯಲ್ಲೇ ಬಸ್ಸು ಹತ್ತುವುದು ಇದೇ ಕಾರಣಕ್ಕೆ.

ಭತ್ಯೆ ತಿಂಗಳು ತಿಂಗಳು ಬರುತ್ತದೆ, ಬಾಡಿಗೆ ಹಾಗೆ ಹೋಗುವುದಿಲ್ಲ. ಅಲ್ಲಿನ ರೂಢಿಯಂತೆ ವರ್ಷದ ಬಾಡಿಗೆಯನ್ನು ಒಂದೋ ಎರಡೋ ನಾಲ್ಕೋ ಚೆಕ್ಕುಗಳಲ್ಲಿ, ಮುಂದಿನ ತಾರೀಖು ಹಾಕಿ, ಮೊದಲೇ ಬರೆದುಕೊಡಬೇಕು. ಮೇಲೆ ಠೇವಣಿ, ದಲ್ಲಾಳಿಯ ಕಮಿಷನ್ನು. ಮೊದಲ ಸಂಬಳ ಕೈಸೇರುವ ಮೊದಲೇ ಮೂರು ತಿಂಗಳ ಬಾಡಿಗೆ ಹೊಂದಿಸಬೇಕಾದವರು ಊರಲ್ಲಿ ಬಂಗಾರ ಅಡವಿಟ್ಟು ಹೋಗುತ್ತಾರೆ. 2022ರ ಜನವರಿಯವರೆಗೆ ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಮರಳಿದರೆ ಅದು ಪೊಲೀಸು ಕೇಸೇ ಆಗುತ್ತಿತ್ತು. ಆಮೇಲೆ ಕಾನೂನು ಸಡಿಲವಾಯಿತು. ಬೇಸಗೆ ರಜೆಯ ಸಂಬಳ ತಡೆಹಿಡಿಯುವ ಶಾಲೆಯಲ್ಲಿದ್ದರೆ ಆಟಿ ತಿಂಗಳ ಮಳೆಯಲ್ಲಿ ಕುಳಿತವರಿಗೂ ಚೆಕ್ಕಿನ ತಾರೀಖು ನೆನಪಾಗಿ ನಿದ್ದೆ ಬರುವುದಿಲ್ಲ. ಬಾಗಿಲು ಹಾಕಿದ ಮನೆಗೂ ಬಾಡಿಗೆ ಬಾಡಿಗೆಯೇ.

ಈ ಯಾವ ಲೆಕ್ಕಕ್ಕೂ ಸೇರದ ಇನ್ನೊಂದು ದೊಡ್ಡ ವರ್ಗವಿದೆ. ಗಂಡನ ವೀಸಾದಲ್ಲಿ ಅಲ್ಲಿಗೆ ಹೋಗಿ, ಅಲ್ಲಿಯೇ ಶಾಲೆ ಸೇರಿದ ಹೆಂಗಸರು. ಭಾರತೀಯ ಶಾಲೆಗಳು ಅವರನ್ನು 'ಲೋಕಲ್' ಎಂದು ತೆಗೆದುಕೊಳ್ಳುತ್ತವೆ. ಗಂಡನ ಕಂಪನಿ ಮನೆ ಕೊಟ್ಟಿದೆಯಲ್ಲ, ಟಿಕೆಟು ಕೊಡುತ್ತದೆಯಲ್ಲ ಎಂಬ ನೆವದಲ್ಲಿ ಅವರಿಗೆ ಮನೆಯೂ ಇಲ್ಲ, ಟಿಕೆಟೂ ಇಲ್ಲ. ಬಹಳ ಕಡೆ ಸಂಬಳವೂ ಊರಿಂದ ಕರೆಸಿಕೊಂಡವರಿಗಿಂತ ಕಡಿಮೆ. ಪಾಠ ಅದೇ, ತಿದ್ದುವ ನೋಟುಪುಸ್ತಕಗಳ ರಾಶಿಯೂ ಅದೇ. ವಾರ್ಷಿಕ ರಜೆ, ಸೇವೆ ಮುಗಿದಾಗ ಸಿಗುವ ಗ್ರಾಚ್ಯುಟಿಗಳಲ್ಲಿ ಕಾನೂನು ಇವರಿಗೂ ಅವರಿಗೂ ಭೇದ ಮಾಡಿಲ್ಲ. ಇದು ಗೊತ್ತಿಲ್ಲದೆ, 'ಗಂಡನ ವೀಸಾದವರಿಗೆ ಅದೆಲ್ಲ ಇಲ್ಲವಂತೆ' ಎಂದು ಸಹಿ ಹಾಕಿ ಬಂದವರೂ ಇದ್ದಾರೆ. ಗಂಡನ ಕೆಲಸ ಹೋದರೆ ಮನೆ, ವೀಸಾ, ಅದರ ಹಿಂದೆಯೇ ಇವರ ಕೆಲಸ, ಮೂರೂ ಒಟ್ಟಿಗೆ ಅಲುಗಾಡುತ್ತವೆ.

ಗ್ರಾಚ್ಯುಟಿಯ ಮಾತು ಬಂದದ್ದರಿಂದ ಒಂದು ಲೆಕ್ಕ ಹಾಕಿ ನೋಡಬಹುದು. ಗಣಿತದ ಟೀಚರುಗಳಿಗೇ ಈ ಲೆಕ್ಕ ತಪ್ಪುವುದುಂಟು! ಇಬ್ಬರು ಟೀಚರುಗಳಿದ್ದಾರೆ ಎನ್ನೋಣ. ಇಬ್ಬರಿಗೂ ತಿಂಗಳಿಗೆ ಕೈಗೆ ಬರುವುದು 5,000 ದಿರ್ಹಮ್. ಒಬ್ಬರ ಕರಾರಿನಲ್ಲಿ ಮೂಲವೇತನ 4,000, ಮನೆ ಭತ್ಯೆ 1,000. ಇನ್ನೊಬ್ಬರದರಲ್ಲಿ ಮೂಲವೇತನ 2,500, ಮನೆ ಭತ್ಯೆ 2,500. ಎರಡನೆಯವರಿಗೆ ಭತ್ಯೆ ಹೆಚ್ಚೆಂದು ಸಂತೋಷ. ಆದರೆ ಗ್ರಾಚ್ಯುಟಿ ಲೆಕ್ಕವಾಗುವುದು ಮೂಲವೇತನದ ಮೇಲೆ ಮಾತ್ರ: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ವೇತನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನಗಳದು. ಹತ್ತು ವರ್ಷಕ್ಕೆ 255 ದಿನ, ಅಂದರೆ ಎಂಟೂವರೆ ತಿಂಗಳ ಮೂಲವೇತನ. ಮೊದಲನೆಯವರು 34,000 ದಿರ್ಹಮ್ ಎಣಿಸಿಕೊಂಡು ಊರಿಗೆ ಮರಳುತ್ತಾರೆ. ಎರಡನೆಯವರಿಗೆ ಸಿಗುವುದು 21,250. ಸಾಲ ತೀರಿಸಿಯೋ ಹೆಂಚು ಹೊದಿಸಿಯೋ ಮುಗಿಸಬಹುದಾಗಿದ್ದ 12,750 ದಿರ್ಹಮ್, ಕರಾರಿನ ಎರಡು ಸಾಲುಗಳ ಹಂಚಿಕೆಯಲ್ಲಿ ಕರಗಿಹೋಯಿತು. ತೆಗೆದುಕೊಳ್ಳದೆ ಉಳಿದ ರಜೆಗೆ ಕೊನೆಯಲ್ಲಿ ಕೊಡುವ ಹಣವೂ ಮೂಲವೇತನದ ಲೆಕ್ಕದಲ್ಲೇ. ಶಾಲೆಗಳ ಲೆಕ್ಕಪತ್ರದವರಿಗೆ ಇದು ಚೆನ್ನಾಗಿ ಗೊತ್ತು. ಮನೆ ಭತ್ಯೆಯ ವಿಷಯದಲ್ಲಿ ಅವರು ಧಾರಾಳಿಗಳಾಗುವುದರ ಗುಟ್ಟೂ ಇದೇ.

ಅದೇ ಊರಿನ ಬ್ರಿಟಿಷ್ ಪಠ್ಯಕ್ರಮದ ಶಾಲೆಗಳಲ್ಲಿ ಇಂಗ್ಲೆಂಡಿನಿಂದ ಬಂದ ಶಿಕ್ಷಕರ ಸ್ಥಿತಿಯೇ ಬೇರೆ. ಸಜ್ಜಾದ ಸ್ವಂತ ಫ್ಲ್ಯಾಟು, ವರ್ಷಕ್ಕೊಂದು ಟಿಕೆಟು, ಮಕ್ಕಳಿಗೆ ಶುಲ್ಕದಲ್ಲಿ ರಿಯಾಯಿತಿ ಅವರಿಗೆ ವಾಡಿಕೆಯ ಮಾತು. ಕಟ್ಟಡಗಳು ಅಕ್ಕಪಕ್ಕದಲ್ಲಿರಬಹುದು, ಶುಲ್ಕದ ಪಟ್ಟಿ ಬೇರೆ, ಆದ್ದರಿಂದ ಕರಾರುಪತ್ರವೂ ಬೇರೆ. ಕಡಿಮೆ ಶುಲ್ಕಕ್ಕೆ ಪಾಠ ಹೇಳುವ ಭಾರತೀಯ ಶಾಲೆ ಇಲ್ಲದಿದ್ದರೆ ಅಲ್ಲಿನ ಸಾವಿರಾರು ಭಾರತೀಯ ಸಂಸಾರಗಳು ಮಕ್ಕಳನ್ನು ಓದಿಸುವುದೇ ಕಷ್ಟವಾಗುತ್ತಿತ್ತು ಎಂಬುದೂ ನಿಜ. ಆ ಕಡಿಮೆ ಶುಲ್ಕದ ಭಾರ ಕೊನೆಗೆ ಬಂದು ನಿಲ್ಲುವುದು ಟೀಚರಿನ ಕೋಣೆಯ ಎರಡನೆಯ ಮಂಚದ ಮೇಲೆ.

ಕೊಲ್ಲಿಗಿಂತ ಮೊದಲು ಭಾರತೀಯ ಶಿಕ್ಷಕರು ಗುಂಪುಗುಂಪಾಗಿ ಹೋದದ್ದು ಇಥಿಯೋಪಿಯಾಕ್ಕೆ. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ ಅಲ್ಲಿನ ಹಳ್ಳಿಪಟ್ಟಣಗಳ ಶಾಲೆಗಳಲ್ಲಿ ಭಾರತದ ಮೇಷ್ಟರುಗಳಿದ್ದರು. 1974ರ ಕ್ರಾಂತಿ ಆ ದೊರೆತನವನ್ನು ಮುಗಿಸಿತು. ಅಲ್ಲಿ ಶಾಲೆಗೆ ದೀರ್ಘ ರಜೆ ಮಳೆಗಾಲದ ಜುಲೈ, ಆಗಸ್ಟ್‌ಗಳಲ್ಲಿ. ಅಲ್ಲಿನ ಮಳೆ ಬಿಟ್ಟು ಊರಿಗೆ ಬಂದರೆ ಇಲ್ಲಿಯೂ ಮಳೆ. ಆಗಿನವರು ಪ್ರತಿವರ್ಷ ಬರುವ ಮಾತಿರಲಿ, ಮನೆಗೊಂದು ಕಾಗದ ಬರೆದು ಉತ್ತರ ಬರುವಷ್ಟರಲ್ಲೇ ವಾರಗಳು ಕಳೆಯುತ್ತಿದ್ದವು.

ರಜೆ ಮತ್ತು ಮನೆ ಎರಡೂ ಒಮ್ಮೆಗೇ ಕೈಕೊಟ್ಟದ್ದು 2020ರಲ್ಲಿ. ಮಾರ್ಚ್‌ನಲ್ಲಿ ವಿಮಾನಗಳು ನಿಂತವು. ಮೇ 7ರಿಂದ ವಂದೇ ಭಾರತ್ ವಿಮಾನಗಳು ಹಾರತೊಡಗಿದಾಗ ಸೀಟಿಗಾಗಿ ಹೆಸರು ಬರೆಸಿ ಕಾಯಬೇಕಾಯಿತು. ಮಕ್ಕಳಿಲ್ಲದ ತರಗತಿಯನ್ನು ಕಂಪ್ಯೂಟರಿನ ಮುಂದೆ ನಡೆಸುತ್ತಿದ್ದ ಟೀಚರುಗಳಲ್ಲಿ ಅನೇಕರಿಗೆ ಸಂಬಳ ಕಡಿತವಾಯಿತು. ಶಾಲೆ ಕೊಟ್ಟ ಕೋಣೆಯಲ್ಲಿದ್ದವರಿಗೆ ಇಕ್ಕಟ್ಟಾದರೂ ತಲೆಯ ಮೇಲೆ ಸೂರು ಉಳಿಯಿತು. ಸ್ವಂತ ಬಾಡಿಗೆಯಲ್ಲಿದ್ದವರ ಭತ್ಯೆ ಸಂಬಳದ ಜೊತೆಗೇ ಇಳಿಯಿತು, ಚೆಕ್ಕಿನ ಮೇಲಿನ ಅಂಕಿ ಇಳಿಯಲಿಲ್ಲ. ಎರಡನೆಯ ಮಂಚವನ್ನು ಅಲ್ಲಿಯವರೆಗೆ ಬಯ್ಯುತ್ತಿದ್ದವರು ಆಮೇಲೆ ಬಯ್ಯುವುದನ್ನು ಬಿಟ್ಟರಂತೆ.

ಹೊರಡುವವರು ಸಹಿ ಹಾಕುವ ಮೊದಲು ಕೇಳಬೇಕಾದ್ದು ಬಹಳವಿಲ್ಲ. ಮೂಲವೇತನ ಎಷ್ಟು, ಭತ್ಯೆ ಎಷ್ಟು ಎಂದು ಬೇರೆ ಬೇರೆಯಾಗಿ ಬರೆದಿದೆಯೇ? ಎರಡು ತಿಂಗಳ ಬೇಸಗೆಗೂ ಸಂಬಳ ಉಂಟೇ, ಮೊದಲ ವರ್ಷವೂ ಉಂಟೇ, ಯಾವಾಗ ಕೈಸೇರುತ್ತದೆ? ಕೋಣೆಯಲ್ಲಿ ಎಷ್ಟು ಜನ, ರಜೆಯಲ್ಲಿ ಆ ಕೋಣೆ ತಮಗೇ ಇರುತ್ತದೆಯೇ? ಟಿಕೆಟೋ ಹಣವೋ? ಪಾಸ್‌ಪೋರ್ಟನ್ನು ಧಣಿ ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ ಎಂದು ಅಲ್ಲಿನ ಕಾನೂನೇ ಹೇಳುತ್ತದೆ. ಅದನ್ನು ಕೊಡಲು ಸಂಕೋಚಪಡಬೇಕೇ ಹೊರತು ಕೇಳಿ ಪಡೆಯಲು ಅಲ್ಲ. ಇಷ್ಟೆಲ್ಲ ಕೇಳಿದರೆ ಕೆಲಸ ಕೈತಪ್ಪೀತು ಎಂಬ ಹೆದರಿಕೆ ಸುಳ್ಳಲ್ಲ. ಏಜೆಂಟನೂ ಅದನ್ನೇ ಹೇಳಿ ಹೆದರಿಸುತ್ತಾನೆ.

ಊರಲ್ಲಿ ಇವರು ಕಟ್ಟಿಸಿದ ಮನೆಗಳನ್ನು ಗುರುತಿಸುವುದು ಸುಲಭ. ಗೇಟಿಗೆ ಬೀಗ, ಅಂಗಳದಲ್ಲಿ ಪಾಚಿ, ಬೀಗದ ಕೈ ಪಕ್ಕದ ಮನೆಯವರಲ್ಲಿ. ಬೇಸಗೆಯಲ್ಲಿ ನಡೆದ ಒಕ್ಕಲಿನ ದಿನ ಮನೆಯ ಒಡತಿ ಶಾರ್ಜಾದ ಯಾವುದೋ ತರಗತಿಯಲ್ಲಿ ಭಿನ್ನರಾಶಿ ಹೇಳಿಕೊಡುತ್ತಾ, ಬಿಡುವಿನಲ್ಲಿ ಮೊಬೈಲಿನ ಪರದೆಯ ಮೇಲೆ ಹಾಲು ಉಕ್ಕುವುದನ್ನು ನೋಡಿರುತ್ತಾರೆ. ಆ ಮನೆ ಬೇಸಗೆಯಲ್ಲಿ ಎಷ್ಟು ತಂಪು, ಸಂಜೆಯ ಬಿಸಿಲು ಯಾವ ಕಿಟಕಿಯಿಂದ ಬರುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ. ಯಾವ ಮೂಲೆಯಲ್ಲಿ ಸೋರುತ್ತದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತು.

ಆಗಸ್ಟ್ ನಡುವಿಗೆ ಆಟಿ ಮುಗಿದು ಸೋಣ ಹುಟ್ಟುತ್ತದೆ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಕುಚ್ಚಲಕ್ಕಿ ತೂಕದ ಯಂತ್ರದ ಮೇಲೆ ಏರಿ ಇಳಿಯುತ್ತವೆ. ಅಷ್ಟರಲ್ಲಿ ತಮ್ಮನ ಮದುವೆಯ ಮಾತು ಕುದುರಿರುತ್ತದೆ. ಪುರೋಹಿತರು ಪಂಚಾಂಗ ತೆರೆದರೆ ಒಳ್ಳೆಯ ಮುಹೂರ್ತಗಳೆಲ್ಲ ಏಪ್ರಿಲ್, ಮೇ ತಿಂಗಳಲ್ಲಿ. 'ಆಗ ಶಾಲೆ, ಅಕ್ಕನಿಗೆ ಬರಲಾಗುವುದಿಲ್ಲ. ಡಿಸೆಂಬರ್ ಕೊನೆಗೆ ನೋಡಿ, ಆಗ ಅಲ್ಲಿ ರಜೆ' ಎನ್ನುತ್ತಾರೆ ಮನೆಯವರು. ಅದು ಧನುರ್ಮಾಸ, ಆಟಿಯ ಹಾಗೆಯೇ ಮದುವೆಗೆ ಸಲ್ಲದ್ದು. ಪುರೋಹಿತರು ಕನ್ನಡಕ ಸರಿಮಾಡಿಕೊಂಡು ಪುಟ ಹಿಂದಕ್ಕೆ ತಿರುವುತ್ತಾರೆ. ಬರುವ ವರ್ಷದ ಶ್ರಾವಣದಲ್ಲಿ ಒಂದು ಮುಹೂರ್ತ ಇದೆ, ಆಗಸ್ಟ್ ಕೊನೆಗೆ, ಗುರುವಾರ. ಶಾಲೆ ತೆರೆಯುವುದು ಯಾವಾಗ ಎಂದು ಕೇಳುತ್ತಾರೆ. ಮುಂದಿನ ವರ್ಷದ ಕ್ಯಾಲೆಂಡರ್ ಇನ್ನೂ ಬಂದಿಲ್ಲ ಎನ್ನುತ್ತಾರೆ ಟೀಚರು.